ಕೊನೆಯ ನಂಬರು ಕೇಳಿದವರು

ನಮ್ಮ ಭಿಶಿಗೆ ನಿಯಮ ಹಾಕಿದವಳು ನಾನು. ಹನ್ನೆರಡು ಮಂದಿ ಹೆಂಗಸರು ತಿಂಗಳ ಮೊದಲ ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮ ಪಡಸಾಲೆಯಲ್ಲಿ ಸೇರಬೇಕು. ಎಲ್ಲರೂ ಸಮನಾಗಿ ಹಣ ಹಾಕಬೇಕು. ಹೆಸರು ಬರೆದ ಚೀಟಿಗಳನ್ನು ಸ್ಟೀಲ್ ಡಬ್ಬಿಯಲ್ಲಿ ಕುಲುಕಿ ಒಂದನ್ನು ಎತ್ತಬೇಕು. ಯಾರ ಹೆಸರು ಬಂತೋ ಆ ತಿಂಗಳ ಗಂಟು ಅವರದು. ಗಂಟು ಒಯ್ದವರ ಚೀಟಿ ಮತ್ತೆ ಡಬ್ಬಿಗೆ ಬೀಳುವುದಿಲ್ಲ. ಆದರೆ ವರ್ಷ ತುಂಬುವವರೆಗೆ ಕಂತು ಕಟ್ಟುವುದು ತಪ್ಪುವುದಿಲ್ಲ. ನಾಲ್ಕು ಹೊಡೆದ ಮೇಲೆ ಬಂದವರಿಗೆ ಚಹಾ ಇಲ್ಲ.

ಇಡೀ ನೌಕರಿಯನ್ನು ದವಾಖಾನೆಯಲ್ಲಿ ನರ್ಸ್ ಆಗಿ ಕಳೆದವಳಿಗೆ ಗಡಿಯಾರ ಬಿಟ್ಟು ಬದುಕಲು ಬರುವುದಿಲ್ಲ. ಗಜೇಂದ್ರಗಡದ ನಮ್ಮ ಓಣಿಗೆ ಇದು ಗೊತ್ತಿದೆ. ಹಿಂದಿನಿಂದ ನಗುತ್ತಾರೆ, ಹಣ ಮಾತ್ರ ನನ್ನ ಹತ್ತಿರವೇ ತಂದಿಡುತ್ತಾರೆ.

ಈ ನಿಯಮಗಳಲ್ಲಿ ಒಂದನ್ನು ಮುರಿಸಿದವರು ಬಳೆ ಅಂಗಡಿಯ ಭಾಬಿ. ಅವರು ಹೋದ ಮಳೆಗಾಲದಲ್ಲಿ ತೀರಿಕೊಂಡರು. ಈಗ ಅಂಗಡಿಯಲ್ಲಿ ಅವರ ಯಜಮಾನರು ಕೂರುತ್ತಾರೆ, ಡಜನ್ ಕೇಳಿದವರಿಗೆ ಎರಡು ಹೆಚ್ಚು ಹಾಕಿ ಕಳಿಸುತ್ತಾರೆ. ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ಭಾಬಿ ಒಳಗಿನಿಂದ ಏನಾದರೂ ಅಂದೇ ಅನ್ನುತ್ತಾರೆ ಎಂದು ಕಾಲು ತಾನಾಗಿ ನಿಧಾನವಾಗುತ್ತದೆ.

ಅಂಗಡಿ ಎಂದರೆ ಒಬ್ಬರು ಕಾಲು ಮಡಚಿ ಕೂರುವಷ್ಟು ಹಲಗೆ, ಹಿಂದೆ ಮಾಳಿಗೆಯವರೆಗೆ ಬಳೆಯ ಡಬ್ಬಿಗಳು. ಗಿರಾಕಿ ಬಂದರೆ ಭಾಬಿ ಮೊದಲು ಅವರ ಕೈ ಹಿಡಿಯುತ್ತಿದ್ದರು, ಆಮೇಲೆ ಏನು ಬೇಕೆಂದು ಕೇಳುತ್ತಿದ್ದರು. "ಕೈ ಬಿಗಿ ಮಾಡಬ್ಯಾಡವ್ವಾ, ಸಡಲ ಬಿಡು. ನೀ ಸೊಸಿ ಆಗಿ ಹೊಂಟೀ, ಪೈಲ್ವಾನ್ ಆಗಿ ಅಲ್ಲ." ಹುಡುಗಿ ನಕ್ಕಿದ್ದೇ ತಡ, ಬಳೆ ಹೆಬ್ಬೆರಳ ಗೆಣ್ಣು ದಾಟಿಬಿಡುತ್ತಿತ್ತು. ನಾನು ಎದುರಿಗಿದ್ದರೆ ನನಗೂ ಒಂದು ಏಟು: "ಸಿಸ್ಟರ್ ಸೂಜಿ ಚುಚ್ಚೂಮುಂದ ಏನೂ ಆಗೂದಿಲ್ಲ ಅಂತಾರ. ನಾ ಬಳಿ ಹಾಕೂಮುಂದ ನೋವಾಗ್ತೈತಿ ಅಂತ ಹೇಳೇ ಹಾಕ್ತೀನಿ. ನಮ್ಮಿಬ್ಬರೊಳಗ ಖರೇ ಮಾತಿನಾಕಿ ಯಾರು, ನೀವ ಹೇಳ್ರಿ."

ಅವರ ಯಜಮಾನರು ಸ್ಕೂಟರಿಗೆ ಬಳೆಯ ಪೆಟ್ಟಿಗೆ ಕಟ್ಟಿಕೊಂಡು ಸೂಡಿಯ ಕಡೆಗೆ, ರೋಣದ ಕಡೆಗೆ ಹಳ್ಳಿ ತಿರುಗುತ್ತಿದ್ದರು. ಸಂಭಾವಿತ ಮನುಷ್ಯ. ಇಲ್ಲ ಎನ್ನುವ ಮಾತೊಂದು ಅವರಿಗೆ ಬರುತ್ತಿರಲಿಲ್ಲ. ಮುಂಜಾನೆ ಕೈಗೆ ಬಂದ ಹಣ ಸಂಜೆಯೊಳಗೆ ಯಾರದೋ ಎಣ್ಣೆಗೆ, ಯಾರದೋ ಔಷಧಕ್ಕೆ ಹೋಗಿರುತ್ತಿತ್ತು. ಭಾಬಿ ಇದನ್ನು ದೂರು ಎಂಬಂತೆ ಹೇಳುತ್ತಿರಲಿಲ್ಲ. ಹವಾಮಾನ ಹೇಳಿದಂತೆ ಹೇಳುತ್ತಿದ್ದರು.

ಒಬ್ಬಳೇ ಮಗಳು, ರೇಷ್ಮಾ. ಕುರಿ ಸಂತೆಯ ಊರಲ್ಲಿ ಹುಟ್ಟಿದ ಈ ಹುಡುಗಿಗೆ ಚಿಕ್ಕಂದಿನಿಂದ ಒಂದೇ ಹಟ, ದನದ ಡಾಕ್ಟರ್ ಆಗಬೇಕು. ಪಿಯುಸಿ ಚೆನ್ನಾಗಿಯೇ ಪಾಸಾದಳು. ಸಿಇಟಿಯಲ್ಲಿ ಮಾತ್ರ ರ‍್ಯಾಂಕ್ ಸ್ವಲ್ಪ ಹಿಂದೆ ಬಿದ್ದು ಸರ್ಕಾರಿ ಸೀಟು ಕೈತಪ್ಪಿತು. ಬೇರೆ ಯಾವುದಕ್ಕೂ ಸೇರದೆ ಒಂದು ವರ್ಷ ನಿಂತು ಮತ್ತೆ ಬರೆಯುತ್ತೇನೆ ಎಂದಳು. ಓಣಿಯಲ್ಲಿ ಸುದ್ದಿಯಾಯಿತು. ಬಳೆ ಹಾಕಿಸಿಕೊಳ್ಳಲು ಬಂದವರೆಲ್ಲ ಕೇಳುವವರೇ.

"ಯಾಕ ಭಾಬಿ, ಮಗಳು ಫೇಲ್ ಆದಳಂತ?"

"ಫೇಲ್ ಆಗಿಲ್ರಿ, ನಿಂತಾಳ. ರೋಣಕ್ಕ ಹೋಗೋರು ಬಸ್ ಸ್ಟ್ಯಾಂಡಿನ್ಯಾಗ ನಿಲ್ಲೂದಿಲ್ಲೇನು? ಅವರಿಗೂ ಹಿಂಗ ಕೇಳ್ತೀರೇನು?"

ಆ ವಾರವೇ ಭಾಬಿ ನಮ್ಮ ಮನೆಗೆ ಬಂದರು. ಕಟ್ಟೆಯ ಮೇಲೆ ಕೂತು ನೀರು ಕುಡಿದು, ಪೀಠಿಕೆ ಇಲ್ಲದೆ ಶುರು ಮಾಡಿದರು.

"ಸಿಸ್ಟರ್, ವರ್ಷ ನಿಲ್ಲೂದಂದ್ರ ಬಿಟ್ಟಿ ಅಲ್ರಿ. ಹುಡುಗಿ ಮನ್ಯಾಗ ಕುಂತ್ರೂ ಖರ್ಚ ಕುಂದರೂದಿಲ್ಲ. ಪುಸ್ತಕ, ನೆಟ್ಟು, ಪರೀಕ್ಷಾ ಬರ‍್ಯಾಕ ಗದಗಕ್ಕ ಹೋಗಿ ಬರೂದು. ಅದನ್ನ ಆಕೀನ ದುಡೀಲಿ ಅಂದೀನಿ. ಮುಂಜಾನಿ ಸಣ್ಣ ಹುಡುಗರಿಗೆ ಟ್ಯೂಶನ್ ಹೇಳ್ತಾಳ. ಮಧ್ಯಾಹ್ನದಿಂದ ತನ್ನ ಓದು. ಅದು ದಿನದ ಡಬ್ಬಿ."

"ಮತ್ತ?"

"ಮತ್ತ ಒಡಕಿನ ಡಬ್ಬಿ. ನಮ್ಮ ವ್ಯಾಪಾರದಾಗ ಗಾಜಿನ ಬಳಿ ತಂದ ಕೂಡಲೇ ಒಡಕಿನ ಪಾಲು ತಗದ ಇಡ್ತೀವಿ. ಒಡೀದ ಬಳಿ ಇಲ್ಲ. ಒಡದ ಮ್ಯಾಲ ಅತ್ರ ಏನ್ ಬಂತು? ವರ್ಷಕ್ಕೂ ಹಂಗ. ಏನರ ಒಂದು ಒಡದ ಒಡೀತೈತಿ. ಅದರ ಪಾಲು ಈಗ ತಗದ ಇಟ್ಟೀನಿ."

ಮೂರನೆಯ ಡಬ್ಬಿಗೆ ಅವರು ಬಂದಿದ್ದು ನನ್ನ ಹತ್ತಿರ. ಸೀಟು ಸಿಕ್ಕ ವಾರದಲ್ಲೇ ಫೀ ಕಟ್ಟಬೇಕು, ಹಾಸ್ಟೆಲ್ಲಿಗೆ ಮುಂಗಡ ಕೊಡಬೇಕು, ಮೊದಲ ತಿಂಗಳುಗಳ ಊಟದ ಹಣ ಬೇಕು. ಎಲ್ಲವೂ ಒಂದೇ ಏಟಿಗೆ. ಅಷ್ಟು ದೊಡ್ಡ ಗಂಟು ಒಂದು ವರ್ಷ ಅವರ ಮನೆಯಲ್ಲಿ ಉಳಿಯುವುದು ಸಾಧ್ಯವಿರಲಿಲ್ಲ.

"ಬ್ಯಾಂಕಿನ್ಯಾಗ ಇಡ್ರಿ" ಅಂದೆ.

"ಬ್ಯಾಂಕಿನ ಕಾರ್ಡು ಅವರ ಕಿಸೇದಾಗ ಐತ್ರಿ" ಎಂದು ಭಾಬಿ ನಕ್ಕರು. "ನನ್ನ ಹೆಸರಲೆ ಇಟ್ರೂ, ಯಾರರ ಬಂದು ಕೇಳಿದ್ರ ಐತಿ ಅನ್ನಬೇಕಾಗ್ತೈತಿ. ಇದ್ದದ್ದನ್ನ ಇಲ್ಲ ಅಂತ ಸುಳ್ಳು ಹೇಳಾಕ ನನಗ ಬರೂದಿಲ್ಲ. ಅದಕ್ಕ ಖರೇನ ಇಲ್ಲಧಂಗ ಮಾಡಬೇಕು. ನಿಮ್ಮ ಭಿಶಿಯಾಗ ನನ್ನ ಸೇರಿಸ್ಕೋರಿ. ಕಡೀ ನಂಬರ ನಂಗ ಕೊಡ್ರಿ."

ನಾನು ನಿಯಮ ಹೇಳಿದೆ. ಚೀಟಿ ಎತ್ತುವುದು ಎಂದರೆ ಎತ್ತುವುದು. ಯಾರಿಗೂ ಯಾವ ತಿಂಗಳನ್ನೂ ಕಾದಿಡುವುದಿಲ್ಲ.

"ಮೊದಲನೇ ನಂಬರ ಬೇಕಂತ ಎಲ್ಲಾರೂ ನಿಮ್ಮ ಮನ್ಯಾಗ ಜಗಳಾಡ್ತಾರ. ನಾ ಕಡೀದು ಕೇಳಿದ್ರ ನಿಮಗೇನ್ರಿ ತ್ರಾಸ?"

"ಕಡೀ ನಂಬರಿನಾಗ ಧೋಕಾ ಐತಿ ಭಾಬಿ. ಮೊದಲ ಒಯ್ದೋರು ಆಮ್ಯಾಲ ಕಟ್ಟಲಿಲ್ಲಂದ್ರ ಕೊರತಿ ಬೀಳೂದು ನಿಮ್ಮ ಗಂಟಿಗೆ."

"ಅದಕ್ಕ ನಿಮ್ಮ ಕಡೆ ಬಂದೀನಿ. ಬ್ಯಾರೆ ಭಿಶಿಯಾಗ ನಗಿ-ಚ್ಯಾಷ್ಟಿ ಭಾಳ. ನೀವು ಗಡಿಯಾರ ನೋಡಿ ಜಗಳಾ ತಗೀತೀರಿ. ನಿಮ್ಮ ಕಡೆಯಿಂದ ಯಾರೂ ತಪ್ಪಿಸ್ಕೊಂಡು ಹೋಗಾಕ ಆಗೂದಿಲ್ಲ."

ಹೊಗಳಿದರೋ ಬೈದರೋ ತಿಳಿಯಲಿಲ್ಲ. ಆದರೆ ಲೆಕ್ಕ ಸರಿಯಿತ್ತು. ಆ ವರ್ಷದ ಭಿಶಿ ಮುಗಿಯುವುದೂ ಕಾಲೇಜಿನ ಪ್ರವೇಶ ಶುರುವಾಗುವುದೂ ಒಂದೇ ಹೊತ್ತಿಗೆ ಬರುತ್ತಿತ್ತು. ಮೊದಲ ಭಾನುವಾರ ಎಲ್ಲರ ಮುಂದೆ ಕೇಳಿದೆ, ಯಾರೂ ಬೇಡವೆನ್ನಲಿಲ್ಲ. ಭಾಬಿಯ ಚೀಟಿಯನ್ನು ಡಬ್ಬಿಗೆ ಹಾಕದೆ ಪಕ್ಕಕ್ಕೆ ಇಟ್ಟೆ.

ದೀಪಾವಳಿಯ ಆಚೀಚೆ ಒಡಕು ಬಂತು. ಸೂಡಿಯಿಂದ ಬರುವಾಗ ಯಜಮಾನರ ಸ್ಕೂಟರು ಜಾರಿತು. ಪೆಟ್ಟಿಗೆಯ ಬಳೆಗಳೆಲ್ಲ ರಸ್ತೆಗೆ, ಕಾಲು ಪ್ಲಾಸ್ಟರಿಗೆ. ಆ ಭಾನುವಾರ ಭಾಬಿ ದವಾಖಾನೆಯಲ್ಲಿದ್ದರು. ಕಂತನ್ನು ಮಾತ್ರ ಮಗಳ ಕೈಯಲ್ಲಿ ಹೊತ್ತಿಗೆ ಸರಿಯಾಗಿ ಕಳಿಸಿದ್ದರು. ಚೀಟಿ ಎತ್ತಿದಾಗ ಕಲ್ಲವ್ವನ ಹೆಸರು ಬಂತು. ಕಲ್ಲವ್ವ ನೇಕಾರರವಳು, ಮನೆಯಲ್ಲೇ ಮಗ್ಗ, ಗಂಡ ಹೆಂಡತಿ ಇಬ್ಬರೂ ಸೀರೆ ನೇಯುತ್ತಾರೆ. ಆಕೆ ಗಂಟನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ಕೂತಳು. ಆಮೇಲೆ ನನ್ನ ಮುಂದೆ ಇಟ್ಟಳು.

"ಇದನ್ನ ಭಾಬಿಗೆ ಕೊಡೂಣ್ರಿ. ಅವರ ಕಡೀ ನಂಬರ ನಾ ತಗೋತೀನಿ. ಪಾಪ, ಈಗ ಬೇಕಾಗೈತಿ."

ಎಲ್ಲರ ಕಣ್ಣೂ ಒದ್ದೆಯಾದವು. ನನಗೂ ಸರಿಯೆನಿಸಿತು. ಇಬ್ಬರು ಒಪ್ಪಿ ನಂಬರು ಬದಲಿಸಿಕೊಂಡರೆ ಯಾವ ನಿಯಮವೂ ಮುರಿಯುವುದಿಲ್ಲ. ಭಾಬಿ ಒಪ್ಪಿದ್ದಾರೋ ಎಂದು ಮಾತ್ರ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಕಷ್ಟದಲ್ಲಿದ್ದವರು ಹಣ ಬೇಡವೆನ್ನುತ್ತಾರೆಯೇ?

ಮರುದಿನ ಮುಂಜಾನೆ ನಾನು, ಕಲ್ಲವ್ವ, ಮತ್ತಿಬ್ಬರು ಅಂಗಡಿಗೆ ಹೋದೆವು. ಭಾಬಿ ಯಾವುದೋ ಹುಡುಗಿಗೆ ಬಳೆ ಹಾಕುತ್ತಿದ್ದರು. ಕಲ್ಲವ್ವ ಗಂಟನ್ನು ಹಲಗೆಯ ಮೇಲೆ ಇಟ್ಟು ವಿಷಯ ಹೇಳಿದಳು. ಭಾಬಿಯ ಕೈಯಲ್ಲಿದ್ದ ಬಳೆ ಒಡೆಯಿತು. ಅವರ ಕೈಯಲ್ಲಿ ಬಳೆ ಒಡೆದದ್ದನ್ನು ನಾನು ಅದೊಂದೇ ಸಲ ನೋಡಿದ್ದು.

"ತಗೀರಿ ಇಲ್ಲಿಂದ" ಅಂದರು. "ಲಗೂ ತಗೀರಿ."

"ಯಾಕ ಭಾಬಿ, ದವಾಖಾನಿ ಖರ್ಚಿಗೆ..."

"ದವಾಖಾನಿಗೆ ಒಡಕಿನ ಡಬ್ಬಿ ಐತಿ. ಇದು ರೇಷ್ಮಾಂದು. ಕಲ್ಲವ್ವಕ್ಕಾ, ನಮ್ಮ ಮನಿಯವರು ಮುರಕೊಂಡಿದ್ದು ಕಾಲು, ಕೈ ಅಲ್ಲ. ಈ ರೊಕ್ಕ ಮನಿಗೆ ಹೋತಂದ್ರ ಮಲಕೊಂಡಲ್ಲಿಂದನ ಹಂಚತಾರ. ಸಂಜಿಗೆ ನೋಡಾಕ ಬರೋರು ಒಬ್ಬರಲ್ಲ ಇಬ್ಬರಲ್ಲ. ಎಲ್ಲಾರಿಗೂ ಒಂದೊಂದು ಅಡಚಣಿ."

ಕಲ್ಲವ್ವನ ಮುಖ ಕಪ್ಪಿಟ್ಟಿತು. "ಉಪಕಾರ ಮಾಡಾಕ ಬಂದೋರಿಗೆ ಹಿಂಗ ಬೈತಾರೇನು? ನನಗೇನು ರೊಕ್ಕ ಹೆಚ್ಚಾಗಿದ್ದುವೇನು?"

"ಬೈಯಾಕತ್ತಿಲ್ಲ ಅಕ್ಕಾ, ಕೈ ಮುಗಿಯಾಕತ್ತೀನಿ. ನೀ ದೇವರಂಥಾಕಿ ಖರೇ. ಆದ್ರ ಈಗ ಈ ಗಂಟು ನನ್ನ ಕೈಯಾಗ ಇಟ್ರ ನನ್ನ ಮಗಳ ವರ್ಷ ಮುಣಗತೈತಿ."

ಕಲ್ಲವ್ವ ಗಂಟು ಎತ್ತಿಕೊಂಡು ಹೊರಟಳು. ಅಂದಿನಿಂದ ಆಕೆ ಭಿಶಿಗೆ ಬರಲಿಲ್ಲ. ಕಂತನ್ನು ಪಕ್ಕದ ಮನೆಯವರ ಕೈಯಲ್ಲಿ ಕಳಿಸುತ್ತಿದ್ದಳು. ಬಳೆಯನ್ನು ಬೇರೆ ಅಂಗಡಿಯಲ್ಲಿ ಹಾಕಿಸಿಕೊಂಡಳೆಂದೂ ಕೇಳಿದೆ. ಭಾಬಿಯನ್ನು ಅದು ಹಣದ ಕೊರತೆಗಿಂತ ಹೆಚ್ಚು ನೋಯಿಸಿತು. ಆದರೂ ಹೋಗಿ ಆ ಗಂಟು ಇಸಿದುಕೊಂಡು ರಾಜಿಯಾಗುವ ಮಾತನ್ನು ಎಂದೂ ಆಡಲಿಲ್ಲ.

ಅಂದು ನಾನು ಅಂಗಡಿಯಲ್ಲೇ ಉಳಿದೆ. "ಮತ್ತ ನಿಮಗೇನು ಬೇಕು, ಅದನ್ನರ ಹೇಳ್ರಿ" ಎಂದು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ.

"ರೊಕ್ಕ ಐತ್ರಿ, ಹೊತ್ತಿಲ್ಲ" ಅಂದರು. ಯಜಮಾನರು ಹಾಸಿಗೆ ಹಿಡಿದ ಮೇಲೆ ಹಳ್ಳಿಯ ವ್ಯಾಪಾರಕ್ಕೆ ಭಾಬಿಯೇ ಬಸ್ಸಿನಲ್ಲಿ ಹೋಗಬೇಕು. ಹಾಗಾದರೆ ಮಧ್ಯಾಹ್ನ ಅಂಗಡಿಗೆ ಯಾರು? ರೇಷ್ಮಾ ಆಗಲೇ ಬಂದು ಕೂರತೊಡಗಿದ್ದಳು. ಡಬ್ಬಿಗಳ ನಡುವೆ ಅವಳ ಜೀವಶಾಸ್ತ್ರದ ಪುಸ್ತಕ ಬೋರಲು ಬಿದ್ದಿತ್ತು. "ಅಮ್ಮಾ, ಈ ವರ್ಷ ಹೋಗಲಿ ಬಿಡು. ಬರೂ ವರ್ಷ ಇಲ್ಲೇ ಡಿಗ್ರಿಗೆ ಹಚ್ಚಿದ್ರಾತು" ಎಂದು ಅವಳು ಅಂದದ್ದನ್ನು ನಾನೇ ಕೇಳಿದೆ. ಭಾಬಿ ಪುಸ್ತಕ ಎತ್ತಿ ಧೂಳು ಒರೆಸಿ ಅವಳ ಕೈಗೆ ಕೊಟ್ಟರು. "ಮಾತಾಡಿಕೋತ ಕುಂತ್ರ ಹೊತ್ತು ಹೋಗತೈತಿ. ಮನಿಗೆ ಹೋಗು, ಓದು."

ಡ್ಯೂಟಿ ಹಾಕುವುದು ನನಗೆ ಗೊತ್ತಿದ್ದ ಕೆಲಸ. ಭಿಶಿಯ ಹೆಂಗಸರಿಗೆ ದಿನ ಹಂಚಿದೆ. ಸರದಿಯ ಮೇಲೆ ಒಬ್ಬೊಬ್ಬರು ಮಧ್ಯಾಹ್ನದಿಂದ ಸಂಜೆಯವರೆಗೆ ಅಂಗಡಿಯಲ್ಲಿ ಕೂರಬೇಕು. ಯಾರಿಗಾದರೂ ಅಡಚಣೆಯಾದರೆ ಹಿಂದಿನ ದಿನವೇ ಹೇಳಬೇಕು. ಹೇಳದೆ ತಪ್ಪಿಸಿದರೆ ನನ್ನ ಬಾಯಿಗೆ ಸಿಗಬೇಕು. ಮೊದಲ ದಿನ ನಾನೇ ಹೋದೆ. ಸಾವಿರಾರು ಕೈಗಳಲ್ಲಿ ನರ ಹುಡುಕಿದವಳಿಗೆ ಬಳೆ ಹಾಕುವುದೇನು ಮಹಾ ಎಂದು ಕೂತವಳು ಚಿಕ್ಕನರಗುಂದದಿಂದ ಬಂದ ಒಬ್ಬ ಹೆಣ್ಣುಮಗಳ ಕೈಯಲ್ಲಿ ಅರ್ಧ ಡಜನ್ ಒಡೆದೆ. ಆಕೆ ಅಳುವುದೊಂದು ಬಾಕಿ. ಸಂಜೆ ಬಸ್ಸಿಳಿದು ಬಂದ ಭಾಬಿ ಚೂರುಗಳನ್ನು ನೋಡಿದರು.

"ಸಿಸ್ಟರ್, ನೀವು ಒತ್ತಿ ಹಿಡಿದ್ರ ರೋಗಿ ಸುಮ್ಮನಾಗಬಹುದು. ಬಳಿ ಸುಮ್ಮನಾಗೂದಿಲ್ರಿ. ನಿಮ್ಮ ಹೆಸರಲೆ ಒಡಕಿನ ಪಾಲು ಹೆಚ್ಚ ಮಾಡಬೇಕು."

ನನ್ನ ಕೈಯನ್ನೇ ಹಿಡಿದು ಕಲಿಸಿದರು. ಅಂಗೈಯನ್ನು ದೋಣಿಯ ಹಾಗೆ ಮಡಚಿಸಬೇಕು, ಹೆಬ್ಬೆರಳನ್ನು ಒಳಕ್ಕೆ ತಿರುಗಿಸಬೇಕು, ಗಿರಾಕಿಯ ಮಾತು ಬೇರೆಡೆ ಹೋದಾಗ ಜಾರಿಸಬೇಕು. ಮೂರನೆಯದು ಎಲ್ಲಕ್ಕಿಂತ ಕಷ್ಟ. ನನಗೆ ಹರಟೆ ಬರುವುದಿಲ್ಲ. ಗಿರಾಕಿಗಳಿಗೆ ಬಿಪಿ ಎಷ್ಟಿದೆ ಎಂದು ಕೇಳುತ್ತ ಬಳೆ ಹಾಕಲು ಕಲಿತೆ.

ನನ್ನ ಡ್ಯೂಟಿಯ ಇನ್ನೊಂದು ದಿನ ನರಗುಂದದಿಂದ ಭಾಬಿಯ ಮೈದುನ ಬಂದ. ಅಣ್ಣನ ಕಾಲು ನೋಡಿಕೊಂಡು ಅಂಗಡಿಗೆ ಬಂದಿದ್ದ. ಭಾಬಿ ಆಗಷ್ಟೇ ಹಳ್ಳಿಯಿಂದ ಮರಳಿದ್ದರು. ಅವನದೊಂದು ಸಣ್ಣ ಗಾಡಿ, ಅದರ ಕಂತು ತಪ್ಪಿತ್ತು.

"ಭಾಬಿ, ಎರಡು ತಿಂಗಳಿನ ಮಾತು. ಅಣ್ಣ ನಿಮ್ಮನ್ನ ಕೇಳಂದ."

"ಮನ್ಯಾಗ ಇಲ್ಲಪಾ."

"ರೇಷ್ಮಾನ ಕಾಲೇಜಿಗೆ ರೊಕ್ಕ ಕೂಡಿಸಾಕತ್ತೀರಂತ ಮಂದಿ ಅಂತಾರ. ಕುರಿಗೆ ಸೂಜಿ ಮಾಡೂದು ಕಲಿಯಾಕ ಇಷ್ಟೆಲ್ಲ ಬೇಕೇನು? ಹೆಣ್ಣುಹುಡುಗಿ, ವರ್ಷಪೂರ್ತಿ ಮನ್ಯಾಗ ಕುಂತಾಳ. ಒಂದು ಚಲೋ ಮನೆತನ ನೋಡಿದ್ರ..."

"ಕುರಿಗೆ ಸೂಜಿ ಬಿಡು, ನಾಳೆ ನಿನ್ನ ಎಮ್ಮಿ ಈಯಾಕ ತಿಣಕಿದ್ರ ಅರ್ಧ ರಾತ್ರ್ಯಾಗ ಯಾರಿಗೆ ಫೋನ್ ಹಚ್ಚತೀ ನೋಡ್ತೀನಿ. ರೊಕ್ಕ ಮಾತ್ರ ಮನ್ಯಾಗ ಇಲ್ಲ."

ಅವನು ನನ್ನತ್ತ ತಿರುಗಿದ. "ಸಿಸ್ಟರ್, ನೀವರ ಹೇಳ್ರಿ, ಖರೇನ ಇಲ್ಲೇನು?"

"ಮನ್ಯಾಗ ಇಲ್ಲ ಅನ್ನೂದು ಖರೇ ಐತಿ" ಅಂದೆ. ನನ್ನ ಮನೆಯಲ್ಲೂ ಇರಲಿಲ್ಲ. ಬರುವ ತಿಂಗಳುಗಳಲ್ಲಿ ಇತ್ತು, ಹನ್ನೊಂದು ಹೆಂಗಸರ ಮಾತಿನಲ್ಲಿ ಇತ್ತು. ಅವನು ಹೋದ ಮೇಲೆ ಭಾಬಿ ಡಬ್ಬಿಗಳನ್ನು ಸರಿಪಡಿಸಿದರು. "ಅವನೂ ಕೆಟ್ಟವ ಅಲ್ರಿ" ಅಂದರು ಕೊನೆಗೆ. "ಕೆಟ್ಟವರಿಗೆ ಇಲ್ಲನ್ನೂದು ಸುಲಭ."

ಮುಂದಿನ ಬೇಸಿಗೆಯಲ್ಲಿ ರೇಷ್ಮಾ ಪರೀಕ್ಷೆ ಬರೆದಳು. ರ‍್ಯಾಂಕ್ ಬಂತು, ಸರ್ಕಾರಿ ಸೀಟು ಸಿಕ್ಕಿತು. ಕಾಲೇಜು ಬೀದರಿನಲ್ಲಿ. ಫೀ ಕಟ್ಟಲು ಆ ವಾರವೇ ಕೊನೆ. ನಮ್ಮ ಭಿಶಿಯ ಕೊನೆಯ ಭಾನುವಾರ ಅದಕ್ಕೆ ಸರಿಯಾಗಿ ಬಂದಿತ್ತು.

ಅಂದು ಎಲ್ಲರೂ ಹೊತ್ತಿಗೆ ಮುಂಚೆಯೇ ಬಂದರು. ರೇಷ್ಮಾ ಬಾಗಿಲ ಹತ್ತಿರ ನಿಂತಿದ್ದಳು. ಒಬ್ಬೊಬ್ಬರೂ ಹಣ ಇಟ್ಟರು. ಕಲ್ಲವ್ವನದು ಬರಲಿಲ್ಲ. ಪಕ್ಕದ ಮನೆಯವರ ಕೈಯಲ್ಲೂ ಕಳಿಸಿರಲಿಲ್ಲ. ದೀಪಾವಳಿಯ ಗಂಟನ್ನು ಕೊನೆಗೆ ಆಕೆಯೇ ಒಯ್ದಿದ್ದಳಲ್ಲ, ಇನ್ನು ಕಟ್ಟದಿದ್ದರೆ ಕೇಳುವವರು ಯಾರು ಎಂದು ಯಾರೋ ಗುಸುಗುಟ್ಟಿದರು. ನಾಲ್ಕು ಹೊಡೆಯಿತು. ಆ ಕೂಡಲೇ ಲೆಕ್ಕಕ್ಕೆ ಕೂರುವುದು ನನ್ನ ಪದ್ಧತಿ. ಅಂದು ಎದ್ದು ಅಡಿಗೆಮನೆಗೆ ಹೋಗಿ, ಚಹಾ ಮತ್ತೊಮ್ಮೆ ಕುದಿಸಲು ಇಟ್ಟೆ.

"ನಾ ಹಾಕಿ ತುಂಬಿಸ್ತೀನಿ, ಆಮ್ಯಾಲ ಆಕಿ ಕಡೆ ಇಸ್ಕೋತೀನಿ" ಎಂದು ಭಾಬಿಗೆ ಮೆಲ್ಲಗೆ ಹೇಳಿದೆ.

"ಬ್ಯಾಡ್ರಿ. ಕಲ್ಲವ್ವಕ್ಕ ಬರ್ತಾಳ" ಅಂದರು. ಅವರ ಕಣ್ಣು ಬಾಗಿಲ ಮೇಲೆಯೇ ಇತ್ತು.

ಕಲ್ಲವ್ವ ಬಂದಳು. ಸೆರಗಿಗೆಲ್ಲ ನೂಲಿನ ಎಳೆ ಅಂಟಿತ್ತು, ಓಡಿ ಬಂದು ಏದುಸಿರು. ಮಗ್ಗದ ಮೇಲಿನ ಸೀರೆ ಮುಗಿಸಿ, ಕೊಯ್ದು, ಮಾಲಕರಿಗೆ ಒಪ್ಪಿಸಿ ಮಜೂರಿ ಇಸಿದುಕೊಂಡು ನೇರವಾಗಿ ಬಂದಿದ್ದಳು. ಯಾರನ್ನೂ ನೋಡದೆ ಭಾಬಿಯ ಮುಂದೆ ಹೋಗಿ ಕೂತಳು.

"ಕೈಯಾಗ ರೊಕ್ಕ ಇಟ್ರ ಈ ಸಲ ತಗೋತೀಯೋ, ಇಲ್ಲಾ ಮತ್ತ ಬೈತೀಯೋ?"

"ಮೊದಲ ಎಣಸ್ತೀನಿ" ಅಂದರು ಭಾಬಿ. "ಆಮ್ಯಾಲ ಬೈತೀನಿ."

ಆದರೆ ಎಣಿಸಲಿಲ್ಲ. ಕಲ್ಲವ್ವನ ಕೈ ಹಿಡಿದು ಮಣಿಕಟ್ಟನ್ನು ತಿರುಗಿಸಿ ನೋಡಿದರು. "ಈ ಬಳಿ ಯಾರು ಹಾಕಿದ್ರು? ಅಳತೀನ ಇಲ್ಲ. ಎಲ್ಲರ ಹೋಗಿ ಹಾಕಿಸ್ಕೊಂಡ್ರ ಹಿಂಗ ಆಗೂದು." ಕಲ್ಲವ್ವ ನಗಲು ಹೋಗಿ ಅತ್ತುಬಿಟ್ಟಳು. ಆಕೆಗೆ ನಾನೇ ಚಹಾ ಕೊಟ್ಟೆ. ತಡವಾಗಿ ಬಂದವರಿಗೆ ಚಹಾ ಕೊಟ್ಟದ್ದನ್ನು ಎಲ್ಲರೂ ನೋಡಿದರು.

ಗಂಟು ಭಾಬಿಯ ಮನೆಯ ಹೊಸ್ತಿಲು ದಾಟಲೇ ಇಲ್ಲ, ರಾತ್ರಿ ನನ್ನ ಕಪಾಟಿನಲ್ಲೇ ಉಳಿಯಿತು. ಮರುದಿನ ಬ್ಯಾಂಕ್ ತೆರೆದ ಕೂಡಲೇ ತಾಯಿ ಮಗಳಿಬ್ಬರೂ ನನ್ನ ಜೊತೆ ಹೋಗಿ ಕಟ್ಟಿ ಬಂದರು. ಹೊರಗೆ ಬಂದ ಮೇಲೆ ಭಾಬಿ ಖಾಲಿ ಕೈಯನ್ನು ಜಾಡಿಸಿ, "ಈಗ ಯಾರ ಬೇಕಾದ್ರೂ ಬಂದು ಕೇಳಲಿ" ಅಂದರು.

ರೇಷ್ಮಾ ಈಗ ಡಾಕ್ಟರ್. ತಾಯಿಯ ಕೊನೆಯ ದಿನಗಳಲ್ಲಿ ರಜೆ ಹಾಕಿ ಬಂದು ಪಕ್ಕದಲ್ಲೇ ಇದ್ದಳು. ಸೂಡಿಯಲ್ಲಿ, ರೋಣದಲ್ಲಿ ಭಾಬಿಯಿಂದ ಬಳೆ ಹಾಕಿಸಿಕೊಂಡಿದ್ದ ಎಷ್ಟೋ ಹೆಂಗಸರು ಬಸ್ಸಿನಲ್ಲಿ, ಬೈಕಿನಲ್ಲಿ ಬಂದು ಮುಖ ನೋಡಿ ಹೋದರು. ನರಗುಂದದ ಮೈದುನನೂ ಬಂದಿದ್ದ. ಅವನ ಎಮ್ಮೆಗಳಿಗೆ ಏನಾದರೂ ಆದರೆ ಈಗ ಅಣ್ಣನ ಮಗಳಿಗೇ ಫೋನಂತೆ.

ನಮ್ಮ ಭಿಶಿ ನಡೆದಿದೆ. ಭಾಬಿ ಗಂಟು ಒಯ್ದ ಮರುವರ್ಷದಿಂದಲೇ ಕೊನೆಯ ನಂಬರನ್ನು ಕೇಳುವವರು ಹೆಚ್ಚಾಗಿ ಅದಕ್ಕೂ ಜಗಳ ಶುರುವಾಯಿತು. ಒಬ್ಬರಿಗೆ ಮನೆಯ ಮಾಳಿಗೆ, ಇನ್ನೊಬ್ಬರಿಗೆ ಬಂಗಾರ. ಹೀಗಾಗಿ ಹೊಸ ನಿಯಮ ಮಾಡಿದೆ: ಓದಿಗಾಗಿ ಒಂದು ವರ್ಷ ನಿಂತ ಮಕ್ಕಳಿರುವ ಮನೆಗೆ ಮಾತ್ರ ಆ ನಂಬರು. ಅಂಥ ಮನೆ ಇಲ್ಲದ ವರ್ಷ ಅದೂ ಚೀಟಿಗೇ ಹೋಗುತ್ತದೆ. ನಾನು ಇದಕ್ಕೆ ಹೆಸರಿಡಲಿಲ್ಲ, ಹೆಂಗಸರೇ ಇಟ್ಟರು.

ಹೋದ ಭಾನುವಾರ ಹೊಸ ವರ್ಷದ ಭಿಶಿ ಶುರುವಾಗಬೇಕಿತ್ತು. ನಾನು ಚೀಟಿಗಳನ್ನು ಮಡಚಿ ಡಬ್ಬಿಗೆ ಹಾಕುತ್ತಿದ್ದಾಗ ಕಲ್ಲವ್ವ ಎಲ್ಲರಿಗಿಂತ ಮೊದಲು ಬಂದಳು. ಕೊನೆಯ ಮಗಳು ಡಿಗ್ರಿ ಮುಗಿಸಿದ್ದಾಳೆ, ಒಂದು ವರ್ಷ ಮನೆಯಲ್ಲೇ ಓದಿ ಎಂ.ಎಸ್ಸಿ. ಪ್ರವೇಶ ಪರೀಕ್ಷೆ ಬರೆಯುತ್ತಾಳಂತೆ. ಓಣಿಯವರು ಆಗಲೇ ಕೇಳತೊಡಗಿದ್ದಾರಂತೆ.

"ಸಿಸ್ಟರ್, ಈ ಸಲ ಭಾಬಿ ನಂಬರ ನಂಗ ಇಡ್ರಿ."

ನಾನು ಕನ್ನಡಕ ಸರಿಮಾಡಿಕೊಂಡು ಆಕೆಯನ್ನು ನೋಡಿದೆ. "ಒಡಕಿನ ಪಾಲು ತಗದೀಯೇನು?"

"ಮೊದಲ ಅದನ್ನ ತಗದೀನ್ರಿ."

ಆಕೆಯ ಚೀಟಿಯನ್ನು ಡಬ್ಬಿಯಿಂದ ಹುಡುಕಿ ಹೊರಗೆ ತೆಗೆದೆ.